ಕೇಳಿ ನೋಡಿ: ಒಂದು ವೋಟಿನ ಗವರ್ನರ್

ಪ್ರಶ್ನೆ: 2004ರಲ್ಲಿ ನಮ್ಮ ಸಂತೆಮರಹಳ್ಳೀಲಿ ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751, ಒಂದೇ ವೋಟಲ್ಲಿ ಫಲಿತಾಂಶ ಬಂದಿದ್ದು ಎಲ್ರಿಗೂ ಗೊತ್ತು. ಅಮೆರಿಕದಲ್ಲೂ ಹಿಂದೆ ಒಬ್ಬ ಗವರ್ನರ್ ಹಿಂಗೇ ಗೆದ್ದಿದ್ದನಂತೆ, ನಿಜಾನಾ ಬುರುಡೆನಾ? (ಕೊಳ್ಳೇಗಾಲದ ಓದುಗರು)

ಉತ್ತರ: ನಿಜಾನೇ, ಆದ್ರೆ ಆ ಒಂದು ವೋಟೇ ಬೇರೆ ಥರದ್ದು. 1839, ಮ್ಯಾಸಚೂಸೆಟ್ಸ್ ರಾಜ್ಯ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಥರ, ವೋಟು ಹಾಕಿ ಆರಿಸೋದು. ಗೆದ್ದೋರು ಡೆಮಾಕ್ರಟಿಕ್ ಪಕ್ಷದ ಮಾರ್ಕಸ್ ಮಾರ್ಟನ್, ಸೋತೋರು ಆಗಿನ ಗವರ್ನರ್, ವಿಗ್ ಪಕ್ಷದ ಎಡ್ವರ್ಡ್ ಎವರೆಟ್. ಮಾರ್ಟನ್‌ಗೆ 51,034, ಎವರೆಟ್‌ಗೆ 50,725. ಅಂದ್ರೆ ಅಂತರ 309, ಒಂದಲ್ಲ! ಮತ್ತೆ ಒಂದು ಎಲ್ಲಿಂದ ಬಂತು ಅಂದ್ರೆ, ಆಗ ಅಲ್ಲಿ ಎದುರಾಳಿಗಿಂತ ಜಾಸ್ತಿ ತಗೊಂಡ್ರೆ ಸಾಲ್ತಿರ್ಲಿಲ್ಲ, ಬಿದ್ದ ಒಟ್ಟು ವೋಟಲ್ಲಿ ಅರ್ಧ ದಾಟ್ಲೇಬೇಕಿತ್ತು. ಒಟ್ಟು 1,02,066, ಅರ್ಧ 51,033, ಮಾರ್ಟನ್ ದಾಟಿದ್ದು ಕರೆಕ್ಟಾಗಿ ಒಂದರಲ್ಲಿ. ಅವರಿವರ ಹೆಸರಿಗೆ ಚದುರಿ ಹೋಗಿದ್ದ 307 ವೋಟುಗಳೇ ಇಷ್ಟು ಟೆನ್ಷನ್ ಕೊಟ್ಟಿದ್ದು ನೋಡಿ. ಮಾರ್ಟನ್‌ಗೆ ಹಾಕಿದೋರಲ್ಲಿ ಒಬ್ಬ ಬೇರೆ ಹೆಸರಿಗೆ ಹಾಕಿದ್ರೂ ವಿಷ್ಯ ಶಾಸನಸಭೆಗೆ ಹೋಗ್ತಿತ್ತು, ಅಲ್ಲಿ ವಿಗ್‌ಗಳದ್ದೇ ಕಾರುಬಾರು, 309 ವೋಟು ಮುಂದಿದ್ದೂ ಮಾರ್ಟನ್ ಮನೆಗೆ ಹೋಗ್ತಿದ್ದರು ಅಂತ ನನ್ನ ಲೆಕ್ಕ.

ಪ್ರಶ್ನೆ: ಕುರ್ಚೀಲಿದ್ದ ಗವರ್ನರ್ ಸೋತಿದ್ಯಾಕೆ? (ಹಾಸನದ ಓದುಗರು)

ಉತ್ತರ: ಮುಖ್ಯವಾಗಿ ಹೆಂಡ! 1838ರಲ್ಲಿ ಒಂದು ಕಾನೂನು ಬಂತು, 15 ಗ್ಯಾಲನ್‌ಗಿಂತ ಕಡಿಮೆ ಸಾರಾಯಿ ಮಾರಂಗಿಲ್ಲ ಅಂತ. ಸುಮಾರು 57 ಲೀಟರ್ ಆಯ್ತಲ್ಲ, ದುಡ್ಡಿದ್ದೋನು ಪೀಪಾಯಿಗಟ್ಲೆ ತಂದು ಮನೇಲಿಟ್ಕೊಂಡ, ಕೂಲಿಯೋನು ಒಂದು ಲೋಟಕ್ಕೂ ಗತಿಯಿಲ್ದೆ ಉಳ್ಕೊಂಡ. ಡೆಡ್‌ಹ್ಯಾಮ್ ಅನ್ನೋ ಊರಲ್ಲಂತೂ ಒಬ್ಬ ಟೆಂಟ್ ಹಾಕಿ, ಪಟ್ಟೆ ಪಟ್ಟೆ ಹಂದಿ ತೋರಿಸ್ತೀನಿ ಬನ್ನಿ ಅಂತ ಟಿಕೆಟ್ ಮಾರ್ದ ಅಂತ ಕಥೆ ಇದೆ, ಹಂದಿ ನೋಡಿದೋರಿಗೆ ಗ್ಲಾಸ್ ಫ್ರೀ. ಈ ಕಾನೂನಿಗೆ ಸಹಿ ಹಾಕಿದ್ದು ಎವರೆಟ್, ಸಿಟ್ಟೆಲ್ಲ ಅವರ ಮೇಲೆ ತಿರುಗ್ತು. 1840ರಲ್ಲಿ ಅದನ್ನ ತೆಗೆದೂ ಹಾಕಿದ್ರು. ಪಾಪ ಎವರೆಟ್ ಅದ್ಭುತ ಭಾಷಣಕಾರ, ಆದ್ರೆ ಅಲ್ಲೂ ಲಕ್ ಇಲ್ಲ, 1863ರಲ್ಲಿ ಗೆಟಿಸ್‌ಬರ್ಗ್ ಅನ್ನೋ ಊರಲ್ಲಿ, ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮಾರಂಭದಲ್ಲಿ, ಎರಡು ಗಂಟೆ ಮಾತಾಡಿದ್ದು ಇವರೇ, ಜನ ನೆನಪಿಟ್ಕೊಂಡಿದ್ದು ಆಮೇಲೆ ಎದ್ದ ಅಧ್ಯಕ್ಷ ಲಿಂಕನ್‌ರ ಎರಡೇ ನಿಮಿಷದ ಭಾಷಣಾನ.

ಪ್ರಶ್ನೆ: ಮಾರ್ಟನ್ ಆಮೇಲೆ ಏನಾದ್ರು? ಅರ್ಧ ದಾಟ್ಲೇಬೇಕು ಅನ್ನೋ ಆ ರೂಲ್ಸ್ ಈಗ್ಲೂ ಇದೆಯಾ? (ಶಿರಸಿಯ ಓದುಗರು)

ಉತ್ತರ: ಆಗ ಅಲ್ಲಿ ವರ್ಷ ವರ್ಷಾನೂ ಎಲೆಕ್ಷನ್, ಮಾರ್ಟನ್ 1828ರಿಂದ ಬಿಡದೆ ನಿಂತೂ ನಿಂತೂ 1839ರಲ್ಲಿ ಗೆದ್ದಿದ್ದು, ಅದೂ ರಾಜ್ಯದ ಸುಪ್ರೀಂ ಕೋರ್ಟಲ್ಲಿ ಜಡ್ಜ್ ಆಗಿದ್ಕೊಂಡೇ! ಈಗಾದ್ರೆ ಯಾರು ಬಿಡ್ತಾರೆ. 1840ರಲ್ಲಿ ಜಾನ್ ಡೇವಿಸ್ ಎದುರು ಸೋತ್ರು. 1842ರಲ್ಲಿ ಯಾರೂ ಅರ್ಧ ದಾಟ್ಲಿಲ್ಲ, ಗುಲಾಮಗಿರಿ ವಿರೋಧಿಸೋ ಲಿಬರ್ಟಿ ಪಾರ್ಟಿ ನಡುವೆ ವೋಟು ತಿಂದಿತ್ತು, ಈ ಸಲ ಶಾಸನಸಭೆ ಮಾರ್ಟನ್‌ನೇ ಆರಿಸ್ತು. ಮ್ಯಾಸಚೂಸೆಟ್ಸ್ 1855ರಲ್ಲಿ ಆ ರೂಲ್ಸ್ ಕೈಬಿಡ್ತು. ಪಕ್ಕದ ವರ್ಮಾಂಟ್‌ನಲ್ಲಿ ಮಾತ್ರ ಈಗ್ಲೂ ಇದೆ, 2014ರ ಎಲೆಕ್ಷನ್‌ನಲ್ಲಿ ಯಾರಿಗೂ ಅರ್ಧ ಸಿಗದೆ ಪೀಟರ್ ಶುಮ್ಲಿನ್ ಅವರನ್ನ ಗವರ್ನರ್ ಮಾಡಿದ್ದು ಅಲ್ಲಿನ ಶಾಸಕರೇ.