ಪಡದೊಳಗೆ ಐದು ಫೋನು, ಒಂದು ಲ್ಯಾಪ್‌ಟಾಪು

ಪ್ರಶ್ನೆ: ತಿಕೋಟಾ ಕಡೆ ನಮ್ಮ ದ್ರಾಕ್ಷಿ ಪಡ (ತೋಟ) ಇದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮೇಲೆ ಮಳೆ ಹಿಡಿದರೆ ಡೌನಿ ರೋಗದ ಕಾಟ ಶುರು. ಎಲೆಯ ಫೋಟೊ ನೋಡಿ ರೋಗ ಗುರುತಿಸುವ ಆ್ಯಪ್ ಒಂದನ್ನು ಮಗ ಮಾಡುತ್ತಿದ್ದಾನೆ, ಅದಕ್ಕಂತ ಪಡದಲ್ಲಿ ಐದು ಹಳೇ ಫೋನ್ ಕಟ್ಟಿದ್ದೇವೆ. ನೆಟ್ ಮಾತ್ರ ಸಿಕ್ಕಾಪಟ್ಟೆ ನಿಧಾನ. ಪಂಪ್‌ಸೆಟ್ ಕೋಣೆಯಲ್ಲಿರೋ ಲ್ಯಾಪ್‌ಟಾಪ್‌ಗೆ ಫೋನ್‌ಗಳ ಕೆಲಸ ಕೊಡೋಣ, ಇದಕ್ಕೇ ಫಾಗ್ ಕಂಪ್ಯೂಟಿಂಗ್ ಅಂತಾರೆ ಅಂತಾನೆ. ಲಾಭ ಇದೆಯಾ ಸರ್?

ಉತ್ತರ: ಇದೆ, ಆದರೆ ಯಾವಾಗಲೂ ಇಲ್ಲ. ಮಗ ಹೇಳಿದ ಹೆಸರು ಸರಿ, 2012ರಲ್ಲಿ ನೆಟ್‌ವರ್ಕ್ ಸಾಮಾನು ಮಾಡುವ ಸಿಸ್ಕೊ ಕಂಪನಿಯವರು ಬರೆದ ಪ್ರಬಂಧದಿಂದ ಅದು ಬಳಕೆಗೆ ಬಂತು. ಹೆಸರು ಬಿಡಿ, ಲೆಕ್ಕ ಹಾಕೋಣ.

ಒಂದು ಫೋಟೊ 3 ಎಂಬಿ ಇದೆ ಅಂದುಕೊಳ್ಳಿ, ಅಂದರೆ 24 ಮೆಗಾಬಿಟ್. ನಿಮ್ಮ ನೆಟ್ ಸೆಕೆಂಡಿಗೆ 1 ಮೆಗಾಬಿಟ್ ಕಳಿಸಿದರೆ, ನೆಟ್ ಆಚೆಗಿನ ದೂರದ ಕಂಪ್ಯೂಟರ್‌ಗಳಿಗೆ, ಅಂದರೆ ಕ್ಲೌಡ್‌ಗೆ ಮುಟ್ಟೋಕೇ 24 ಸೆಕೆಂಡ್. ಪಡದೊಳಗಿನ ವೈಫೈ 24 ಮೆಗಾಬಿಟ್ ಎಳೆದರೆ ಲ್ಯಾಪ್‌ಟಾಪ್‌ಗೆ 1 ಸೆಕೆಂಡ್, ಅದು ಫೋಟೊ ನೋಡೋಕೆ ಇನ್ನೊಂದು, ಒಟ್ಟು 2. ಇದೇ ಕೆಲಸಕ್ಕೆ ಹಳೇ ಫೋನ್ ತಾನೇ ಕೂತರೆ 6 ಅಂತಿಟ್ಟುಕೊಳ್ಳಿ. ಹಾಗಾದರೆ ಲ್ಯಾಪ್‌ಟಾಪ್‌ಗೆ ಕೊಡೋದೇ ವಾಸಿ ಅಲ್ವಾ?

ತಡೀರಿ. ಐದೂ ಫೋನ್ ಒಟ್ಟಿಗೇ ಫೋಟೊ ತೆಗೆದವು. ವೈಫೈ ಒಂದೇ, ಲ್ಯಾಪ್‌ಟಾಪೂ ಒಂದೇ, ಹಿಟ್ಟಿನ ಗಿರಣಿ ಮುಂದೆ ಡಬ್ಬಿ ಸಾಲು ಹಚ್ಚಿದಂತೆ ಒಂದರ ಹಿಂದೆ ಒಂದು ಕಾಯಬೇಕು, ಒಂದನ್ನು ನೋಡುವಾಗಲೇ ಮುಂದಿನದು ವೈಫೈಯಲ್ಲಿ ಬರುತ್ತಿದ್ದರೂ ಐದನೆಯದರ ಉತ್ತರ ಬರೋದು 6ನೇ ಸೆಕೆಂಡಿಗೆ. ಅಷ್ಟರಲ್ಲಿ ಆ ಫೋನ್ ತಾನೇ ಮಾಡಿ ಮುಗಿಸುತ್ತಿತ್ತು! ಅದಕ್ಕೇ ಕಳಿಸೋ ಮೊದಲು ಫೋನ್ ಮೂರು ಕೇಳಿಕೊಳ್ಳಬೇಕು: ಕಳಿಸೋಕೆ ಎಷ್ಟು ಹೊತ್ತು, ಅಲ್ಲಿ ಸಾಲು ಎಷ್ಟಿದೆ, ನನ್ನ ಬ್ಯಾಟರಿ ಎಷ್ಟಿದೆ. ಬ್ಯಾಟರಿ ಕಮ್ಮಿ ಇದ್ದರೆ ತಡವಾದರೂ ಕಳಿಸೋದೇ ಲೇಸು, ಸಾಮಾನ್ಯವಾಗಿ.

ಇನ್ನೊಂದು ಉಪಾಯ ಇದಕ್ಕಿಂತ ಸುಲಭ. ಫೋಟೊ ನೋಡಿ ಕಲಿತ ಪ್ರೋಗ್ರಾಮ್‌ಗಳು, ಅಂದರೆ ಚಿತ್ರ ಗುರುತಿಸೋ ಎಷ್ಟೋ ಮಾಡೆಲ್‌ಗಳು ಕೊನೆಗೆ ನೋಡೋದು 224 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚಿತ್ರವನ್ನ. ಮತ್ತೆ 3 ಎಂಬಿ ಯಾಕೆ ಸಾಗಿಸಬೇಕು? ಎಲೆಯಿದ್ದಷ್ಟು ಭಾಗ ಕತ್ತರಿಸಿ, ಕುಗ್ಗಿಸಿ, ಆಮೇಲೆ ಕಳಿಸಲಿ. ಇಡೀ ಬಳ್ಳಿಯ ಫೋಟೊನ ಸುಮ್ನೆ ಕುಗ್ಗಿಸಿದರೆ ಮಾತ್ರ ಡೌನಿಯ ಸಣ್ಣ ಹಳದಿ ಚುಕ್ಕೆ ಕಾಣೋದೇ ಇಲ್ಲ, ಜೋಪಾನ.

ಕರೆಂಟ್ ಹೋಗಿ ಲ್ಯಾಪ್‌ಟಾಪ್ ಮಲಗಿದರೆ? ಇಷ್ಟು ಸೆಕೆಂಡ್‌ನಲ್ಲಿ ಉತ್ತರ ಬರದಿದ್ದರೆ ಫೋನ್ ತಾನೇ ಮಾಡಲಿ ಅಂತ ಮೊದಲೇ ಬರೆದಿಡಿ. ಇದೊಂದನ್ನು ಮಾಡದೇ ಬಿಟ್ಟರೆ ಉಳಿದದ್ದೆಲ್ಲ ಮಾಡಿಯೂ ಉಪಯೋಗ ಇಲ್ಲ.

ಪ್ರಶ್ನೆ: ಹಾಗಾದ್ರೆ ಕ್ಲೌಡ್ ಬೇಡವೇ ಬೇಡ್ವಾ? ಲೋರಾ (ಕಮ್ಮಿ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೊ) ಹಾಕಿದರೆ ನೆಟ್ ಇಲ್ಲದೇ ಫೋಟೊ ದೂರ ಹೋಗುತ್ತಲ್ಲ? (ವಿದ್ಯಾರ್ಥಿ, ಬಾಗಲಕೋಟೆ)

ಉತ್ತರ: ಲೋರಾ ಕಿಲೋಮೀಟರ್‌ಗಟ್ಟಲೆ ಮುಟ್ಟುತ್ತೆ, ಆದರೆ ಒಂದು ಸಲಕ್ಕೆ ಹೊರೋದು ಹೆಚ್ಚೆಂದರೆ ಇನ್ನೂರೈವತ್ತು ಬೈಟ್ ಆಸುಪಾಸು. ತೇವಾಂಶ, ಉಷ್ಣತೆ ಕಳಿಸೋಕೆ ಭರ್ಜರಿ, ಫೋಟೊಗೆ ಆಗಿಬರಲ್ಲ. ಕ್ಲೌಡ್ ಬೇಕು. ಇಡೀ ಹಂಗಾಮಿನ ದಾಖಲೆ ಇಡೋಕೆ, ಮಾಡೆಲ್‌ಗೆ ಹೊಸ ಪಾಠ ಕಲಿಸೋಕೆ. ಅದಕ್ಕೆ ಅವಸರ ಇಲ್ಲ, ರಾತ್ರಿ ನೆಟ್ ಖಾಲಿ ಇದ್ದಾಗ ಕಳಿಸಿ.