ಮಳೆಗಾಲಕ್ಕೆ ಮೊದಲು ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್ ಎತ್ತಿಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಉಡುಪಿ ಕಡೆ ಹೊಳೆಬದಿಯಲ್ಲಿ ಮನೆ, 16 ಅಡಿಯ ಫೈಬರ್ ದೋಣಿ, ಅದರ ಹಿಂಬದಿಗೆ ತಗುಲಿಸುವ (ಔಟ್‌ಬೋರ್ಡ್) 9.9 ಎಚ್‌ಪಿಯ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್. ಕಳೆದ ಮೇ ಕೊನೆಯಲ್ಲಿ ದೋಣಿಯನ್ನು ತೆಂಗಿನಮರದ ಬುಡದಲ್ಲಿ ಎರಡು ಕಲ್ಲುಗಳ ಮೇಲೆ ಇಟ್ಟಿರಿ, ಎಂಜಿನ್ ಕೊಟ್ಟಿಗೆಯಲ್ಲಿ ಮಲಗಿತ್ತು. ಆಗಸ್ಟ್‌ನಲ್ಲಿ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಹೇಗೋ ಆದ ಮೇಲೆ, ಎಂಜಿನ್ ತಂಪು ಮಾಡುವ ನೀರು ಹೊರಬರುವ ಹಿಂದಿನ ತೂತಿನಿಂದ ನೀರು ಚಿಮ್ಮಲಿಲ್ಲ. ದೋಣಿಯ ಅಡಿಯಲ್ಲಿ ಸುಮಾರು 15 ಸೆಂ.ಮೀ. ಉದ್ದದ ಬಿರುಕು. ಅದಕ್ಕೆ ಎಂ-ಸೀಲ್ ಮೆತ್ತಿ ಈವರೆಗೆ ಓಡಿಸಿದ್ದೀರಿ. ಈ ಸಲ ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು?

ಬಹುಪಾಲು ಎಲ್ಲವನ್ನೂ ಮಾಡಿಕೊಳ್ಳಬಹುದು. ಎರಡು ತಿಂಗಳು ಸುಮ್ಮನೆ ನಿಂತರೆ ಎಂಜಿನ್‌ಗೆ ಏನೂ ಆಗುವುದಿಲ್ಲ. ಒಳಗೆ ಉಳಿದ ಉಪ್ಪು, ಹಳೆ ಪೆಟ್ರೋಲ್, ನೀರು ಇವು ಮೂರೇ ಕೆಲಸ ಕೆಡಿಸುವುದು. ಆದರೆ ಕೆಲಸದ ಸರದಿ ಮುಖ್ಯ. ಫೈಬರ್ ಕೆಲಸಕ್ಕೆ ಒಣಹವೆ ಬೇಕು, ಅದನ್ನು ಮೇ ಮೊದಲ ಹದಿನೈದು ದಿನದೊಳಗೆ ಮುಗಿಸಿ. ಎಂಜಿನ್ ಕೆಲಸ ಕೊನೆಯ ಸವಾರಿಯ ದಿನವೇ ಶುರುವಾಗಬೇಕು, ಒಂದು ವಾರ ಬಿಟ್ಟು ಅಲ್ಲ.

ಮೊದಲು ಬಿರುಕು. ಎಂ-ಸೀಲ್ ದೋಣಿಯನ್ನು ದಡಕ್ಕೆ ತರುವವರೆಗೆ ಸರಿ, ಅದು ರಿಪೇರಿ ಅಲ್ಲ. ಅದನ್ನು ಪೂರ್ತಿ ಕೆರೆದು ತೆಗೆಯಿರಿ. ಬಿರುಕಿನ ಸುತ್ತ ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಿರುವಲ್ಲಿ ಮಂಕು ಸದ್ದು. ಮಂಕು ಸದ್ದಿನ ಗಡಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ನಿಜವಾದ ಗಾಯ ಅಷ್ಟಿದೆ. ಗ್ರೈಂಡರ್ ಹಿಡಿಯುವ ಮೊದಲು ಆ ಭಾಗವನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪಿನ ಮೇಲೆಯೇ ಉಜ್ಜಿದರೆ ಉಪ್ಪು ನಾರಿನೊಳಗೆ ಹೊಕ್ಕು, ಮುಂದೆ ನೀರು ಎಳೆದು, ತೇಪೆ ಗುಳ್ಳೆ ಏಳುತ್ತದೆ.

ಒಣಗಿದೆಯೇ ಎಂದು ನೋಡಲು ಸುಲಭ ದಾರಿ ಇದೆ. ಒಂದು ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕೆ ನಾಲ್ಕೂ ಅಂಚು ಟೇಪ್ ಹಚ್ಚಿ ಅಂಟಿಸಿ, ಒಂದು ಹೊತ್ತು ಬಿಸಿಲಿಗೆ ಬಿಡಿ. ಒಳಮೈಯಲ್ಲಿ ಬೆವರು ಕೂತರೆ ಫೈಬರಿನೊಳಗೆ ಇನ್ನೂ ನೀರಿದೆ, ಇನ್ನೆರಡು ದಿನ ಕಾಯಿರಿ. ಕರಾವಳಿಯಲ್ಲಿ ಮಾಡಿದ ತೇಪೆ ಕಿತ್ತುಬರುವುದು ಹೆಚ್ಚಾಗಿ ಈ ಅವಸರದಿಂದ.

ಆಮೇಲೆ 40 ಅಥವಾ 60 ನಂಬರಿನ ಡಿಸ್ಕ್ ಹಾಕಿ ಬಿರುಕಿನಿಂದ ಹೊರಕ್ಕೆ ಇಳಿಜಾರಾಗಿ ಉಜ್ಜಬೇಕು. ಅಳತೆ ಹೀಗೆ: ದಪ್ಪದ 12 ಪಟ್ಟು. ಅಡಿಯ ದಪ್ಪ 5 ಮಿ.ಮೀ. ಇದ್ದರೆ ಪ್ರತಿ ಬದಿಗೂ 60 ಮಿ.ಮೀ. ಇಳಿಜಾರು. ಇಷ್ಟು ಅಗಲ ಯಾಕೆ ಅಂದರೆ, ಹೊಸ ಪದರ ಹಳೆಯದಕ್ಕೆ ಬರೀ ಅಂಟಿನ ಬಲದಲ್ಲಿ ನಿಲ್ಲುತ್ತದೆ; ಅಂಟುವ ಮೈ ಕಡಿಮೆಯಾದರೆ ಅಲೆಯ ಹೊಡೆತಕ್ಕೆ ಅಂಚಿನಿಂದಲೇ ಏಳುತ್ತದೆ. ನಿಮ್ಮ 15 ಸೆಂ.ಮೀ. ಬಿರುಕಿಗೆ ಉಜ್ಜಿದ ಜಾಗ ಸುಮಾರು 27 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲ ಆಗುತ್ತದೆ. ಫೈಬರ್ ಪುಡಿ ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು: ಮಾಸ್ಕ್, ಕನ್ನಡಕ, ಪೂರ್ತಿ ತೋಳಿನ ಅಂಗಿ ಇರಲೇಬೇಕು.

ಸಾಮಾನು ಮಲ್ಪೆ ಬಂದರಿನ ಆಸುಪಾಸಿನಲ್ಲಿ, ಮಂಗಳೂರಾದರೆ ಬಂದರ್ ಕಡೆ ವಿಚಾರಿಸಿ. 450 ಗ್ರಾಮಿನ ಚಾಪೆ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಗುವ ಫೈಬರ್ ನಾರಿನ ಹಾಳೆ) ಅರ್ಧ ಮೀಟರ್, ಐಸೋ ರೆಸಿನ್ (ಪಾಲಿಯೆಸ್ಟರ್ ಅಂಟುದ್ರವ) 1 ಕಿಲೋ, ರೆಸಿನ್ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಮತ್ತು ಹಾರ್ಡ್‌ನರ್, ಅಸಿಟೋನ್ ಅರ್ಧ ಲೀಟರ್, ಎರಡು ಸಣ್ಣ ಬ್ರಷ್, ಒಂದು ಗೀರಿನ ರೋಲರ್. ಜನರಲ್ ಪರ್ಪಸ್ ರೆಸಿನ್ ಅಗ್ಗ, ಆದರೆ ಸದಾ ನೀರಲ್ಲಿರುವ ಅಡಿಗೆ ಐಸೋ ತೆಗೆದುಕೊಳ್ಳಿ.

450 ಗ್ರಾಮಿನ ಮ್ಯಾಟ್ ಒಂದು ಪದರಕ್ಕೆ ಹತ್ತಿರ ಹತ್ತಿರ 1 ಮಿ.ಮೀ. ದಪ್ಪ ಕೊಡುತ್ತದೆ. ಅಂದರೆ ಐದು ತುಂಡು: ದೊಡ್ಡದು 27 × 13, ಚಿಕ್ಕದು 17 × 4 ಸೆಂ.ಮೀ., ನಡುವಿನವು ಇಳಿಯುತ್ತಾ. ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್ ಬೇಕು. ಈ ತೇಪೆ ಮತ್ತು ಒಳಬದಿಗೆ ಎರಡು ಪದರದ ಒತ್ತು ಸೇರಿ, ಬ್ರಷ್ಷಿಗೆ ಹೋಗುವುದನ್ನೂ ಲೆಕ್ಕ ಹಾಕಿದರೆ, ಅರ್ಧ ಕಿಲೋ ಧಾರಾಳ. ಒಂದೇ ಸಲ ಕಲಸಬೇಡಿ, 200 ಗ್ರಾಮಿನಂತೆ ಕಲಸಿ. ರೆಸಿನ್‌ಗೆ ಕೋಬಾಲ್ಟ್ ಮೊದಲೇ ಬೆರೆಸಿದ್ದಾರೆಯೇ ಎಂದು ಅಂಗಡಿಯಲ್ಲೇ ಕೇಳಿ. ಇಲ್ಲದಿದ್ದರೆ 200 ಗ್ರಾಮಿಗೆ 2 ಮಿ.ಲೀ. ಹಾಕಿ ಚೆನ್ನಾಗಿ ಕದಡಿ. ಅದು ಪೂರ್ತಿ ಬೆರೆತ ಮೇಲೆಯೇ 2 ಮಿ.ಲೀ. ಹಾರ್ಡ್‌ನರ್. ಅಳೆಯಲು ಔಷಧದ ಸಿರಿಂಜ್ ಒಳ್ಳೆಯದು, ಎರಡಕ್ಕೂ ಬೇರೆ ಬೇರೆ.

ಕೋಬಾಲ್ಟ್ ಮತ್ತು ಹಾರ್ಡ್‌ನರ್ ನೇರವಾಗಿ ಒಂದನ್ನೊಂದು ಮುಟ್ಟಲೇಬಾರದು. ಎರಡೂ ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದೇ ಚಮಚ, ಒಂದೇ ಲೋಟ, ಒಂದೇ ಬಟ್ಟೆ ಎರಡಕ್ಕೂ ಬೇಡ. ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಯಿಸಿ ನೇರ ಆಸ್ಪತ್ರೆಗೆ ಹೋಗಬೇಕು, ದೃಷ್ಟಿಯೇ ಹೋದೀತು. ಮಕ್ಕಳು ಓಡಾಡುವ ಜಗಲಿಯಲ್ಲಿ ಈ ಕೆಲಸ ಬೇಡ.

ಮೇ ತಿಂಗಳ ಸೆಕೆಯಲ್ಲಿ ಕಲಸಿದ ರೆಸಿನ್ ಹದಿನೈದು ಇಪ್ಪತ್ತು ನಿಮಿಷಕ್ಕೆ ಬೆಲ್ಲದ ಪಾಕದಂತೆ ಗಟ್ಟಿಯಾಗತೊಡಗುತ್ತದೆ. ಬೇಗ ಗಟ್ಟಿಯಾಗುತ್ತದೆಂದು ಹಾರ್ಡ್‌ನರನ್ನು ಒಂದು ಶೇಕಡಾಕ್ಕಿಂತ ತೀರಾ ಕೆಳಗೆ ಇಳಿಸಬೇಡಿ, ಆಗ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹೊತ್ತು ಬದಲಿಸಿ: ಬೆಳಗಿನ ಇಬ್ಬನಿ ಆರಿದ ಮೇಲೆ, ಒಂಬತ್ತರಿಂದ ಹನ್ನೊಂದರೊಳಗೆ, ನೆರಳಿನಲ್ಲಿ ಕೂರಿ. ಅಸಿಟೋನ್‌ನಿಂದ ಒರೆಸಿ, ಅದು ಆರಿದ ಮೇಲೆ ಬರೀ ರೆಸಿನ್ ಒಂದು ಕೈ ಬಳಿದು, ದೊಡ್ಡ ತುಂಡನ್ನು ಮೊದಲು ಹಾಕಿ. ಚಿಕ್ಕದರಿಂದ ಶುರುಮಾಡುವವರೂ ಇದ್ದಾರೆ. ದೊಡ್ಡ ತುಂಡಿನ ಇಡೀ ಮೈ ಹಳೆ ಫೈಬರಿಗೆ ಅಂಟುವುದರಿಂದ ನನಗೆ ಇದೇ ಸರಿ ಅನಿಸುತ್ತದೆ. ಬ್ರಷ್ಷಿನಿಂದ ಎಳೆಯಬೇಡಿ, ಕುಟ್ಟಿ. ಮ್ಯಾಟ್ ಬಿಳಿಯಾಗಿ ಕಂಡಲ್ಲೆಲ್ಲ ಗಾಳಿ ಉಳಿದಿದೆ ಎಂದರ್ಥ, ರೋಲರ್ ಹೊಡೆದು ಹೊರಗೆ ತಳ್ಳಿ. ಮೂರು ಪದರ ಆದ ಮೇಲೆ ನಿಲ್ಲಿಸಿ, ಬಿಸಿ ಇಳಿಯಲಿ, ಅದೇ ದಿನ ಉಳಿದೆರಡು ಹಾಕಿ. ಮೇಲ್ಮೈ ಗಾಳಿಗೆ ತೆರೆದಿದ್ದರೆ ಅಂಟಂಟಾಗಿಯೇ ಇರುತ್ತದೆ; ಕೊನೆಯ ಪದರದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಒತ್ತಿ ಅಂಟಿಸಿದರೆ ಗಾಳಿ ತಗಲದೆ ಗಟ್ಟಿಯಾಗುತ್ತದೆ. ಮರುದಿನ ಉಜ್ಜಿ ಜೆಲ್‌ಕೋಟ್ (ಹೊರಮೈಯ ಬಣ್ಣದ ರೆಸಿನ್ ಲೇಪ) ಬಳಿಯಿರಿ. ಜೂನ್ ಬಂದುಬಿಟ್ಟರೆ ಪಾಲಿಯೆಸ್ಟರ್ ಮುಟ್ಟಲೇಬೇಡಿ. ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ ಅಂಟುತ್ತದೆ, ಆದರೆ ಅದರ ಮೇಲೆ ಮುಂದೆ ಪಾಲಿಯೆಸ್ಟರ್ ಆಗಲಿ ಜೆಲ್‌ಕೋಟ್ ಆಗಲಿ ಸರಿಯಾಗಿ ಕೂರುವುದಿಲ್ಲ.

ಬಿರುಕು ಬಿಟ್ಟದ್ದು ಯಾಕೆ? ಎರಡು ಕಲ್ಲು ಅಂದಿರಲ್ಲ, ಅಲ್ಲಿದೆ ಉತ್ತರ. ನಿಮ್ಮ ದೋಣಿಯ ಬಾಯಿ ಸುಮಾರು 6 ಚದರ ಮೀಟರ್ ಎಂದಿಟ್ಟುಕೊಳ್ಳಿ. ಜುಲೈಯಲ್ಲಿ ಒಂದೇ ದಿನ 10 ಸೆಂ.ಮೀ. ಮಳೆ ನಮ್ಮಲ್ಲಿ ಅಪರೂಪವಲ್ಲ. ಅಷ್ಟು ಮಳೆಗೆ ಒಳಗೆ 600 ಲೀಟರ್ ನೀರು, ಅಂದರೆ 600 ಕಿಲೋ, ಎರಡು ಕಲ್ಲಿನ ಮೂಲೆಗಳ ಮೇಲೆ! ಆದ್ದರಿಂದ ನಾಲ್ಕಾರು ಜನ ಸೇರಿ ದೋಣಿಯನ್ನು ಮಗುಚಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ಮೂರು ಮರದ ದಿಮ್ಮಿ ಇಟ್ಟು ಕವುಚಿ ಹಾಕಿ. ಮಗುಚಲು ಆಗದಿದ್ದರೆ ಹಳೆ ಟಯರುಗಳ ಮೇಲೆ ಮೂರು ಕಡೆ ಆಧಾರ ಕೊಟ್ಟು, ಮೂತಿ ಒಂದು ಅಡಿ ಎತ್ತರ ಮಾಡಿ, ಹಿಂದಿನ ಬಿರಡೆ ತೆಗೆದಿಡಿ. ಆ ಬಿರಡೆಯನ್ನು ಎಂಜಿನಿನ ಹಿಡಿಗೇ ಕಟ್ಟಿಡಿ, ಆಗಸ್ಟ್‌ನಲ್ಲಿ ಮರೆಯುವುದಿಲ್ಲ. ತೆಂಗಿನಮರದ ಬುಡ ಬೇಡವೇ ಬೇಡ; ಗಾಳಿಗೆ ಬೀಳುವ ಒಂದು ಕಾಯಿ ಸಾಕು, ಈಗ ಹಾಕಿದ ತೇಪೆಯ ಪಕ್ಕದಲ್ಲೇ ಇನ್ನೊಂದು ಬಿರುಕಿಗೆ. ಸೀತಾ, ಸ್ವರ್ಣಾ ಹೊಳೆಗಳ ಕೆಳಬದಿಯಲ್ಲಿದ್ದರೆ ನೆರೆ ಏರುವ ಗುರುತಿಗಿಂತ ಮೇಲೆ ಇಡಿ, ಆದರೂ ಒಂದು ಗಟ್ಟಿ ಕಂಬಕ್ಕೆ ಹಗ್ಗ ಕಟ್ಟಿರಲಿ.

ಇನ್ನು ಎಂಜಿನ್. ಸಿಹಿನೀರು ಹಾಯಿಸುವುದೇ ಅರ್ಧ ಕೆಲಸ, ಅದರಲ್ಲೇ ಹೆಚ್ಚಿನವರು ಎಡವುತ್ತಾರೆ. ಪೈಪ್ ಹಿಡಿದು ಎರಡು ನಿಮಿಷ ನೀರು ಬಿಟ್ಟರೆ ಹೊರಮೈ ತೊಳೆಯುತ್ತದೆ ಅಷ್ಟೇ. ಎಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ (ಬಿಸಿಗೆ ತೆರೆಯುವ ನೀರಿನ ಕವಾಟ) ತೆರೆದ ಮೇಲೆಯೇ ನೀರು ಸಿಲಿಂಡರಿನ ಹೆಡ್‌ನ ಸುತ್ತ ಚೆನ್ನಾಗಿ ಓಡುವುದು, ಉಪ್ಪು ಕಟ್ಟುವುದೂ ಅಲ್ಲೇ. 200 ಲೀಟರಿನ ಡ್ರಮ್ಮಿನಲ್ಲಿ ಎಂಜಿನ್ ಇಳಿಬಿಟ್ಟು, ಫ್ಯಾನ್ (ದೋಣಿ ತಳ್ಳುವ ಪ್ರೊಪೆಲ್ಲರ್) ಕಳಚಿ, ಫ್ಯಾನಿನ ಮೇಲಿನ ಅಡ್ಡ ರೆಕ್ಕೆ ಮುಳುಗಿ ಇನ್ನೂ ನಾಲ್ಕು ಬೆರಳು ಮೇಲೆ ನೀರು ಬರುವಂತೆ ತುಂಬಿಸಿ. ಐದು ನಿಮಿಷ ಓಡಿಸಿ, ನಿಲ್ಲಿಸಿ, ನೀರು ಚೆಲ್ಲಿ. ಎಂಜಿನಿನಿಂದ ಇಳಿದ ಉಪ್ಪೆಲ್ಲ ಆ ನೀರಲ್ಲಿದೆ, ಅದನ್ನೇ ಸುತ್ತಿಸಿ ಪ್ರಯೋಜನವಿಲ್ಲ. ಹೊಸ ನೀರು ತುಂಬಿಸಿ ಹದಿನೈದು ನಿಮಿಷ. ನೀರಿಲ್ಲದೆ ಅರ್ಧ ನಿಮಿಷವೂ ಓಡಿಸಬೇಡಿ, ಇಂಪೆಲ್ಲರಿನ (ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಯ ಚಕ್ರ) ರಬ್ಬರ್ ಸುಟ್ಟುಹೋಗುತ್ತದೆ.

ಒಂದು ಮಾತು, ನಮ್ಮ ಊರುಗಳಿಗೆ ಮಾತ್ರ ಬೇಕಾದ್ದು: ಅಳಿವೆಗೆ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರೇ ಉಪ್ಪಾಗುತ್ತದೆ. ಒಂದು ಬೊಗಸೆ ಬಾಯಿಗೆ ಹಾಕಿ ನೋಡಿ. ಸಪ್ಪೆ ಇಲ್ಲದಿದ್ದರೆ ನಲ್ಲಿ ನೀರು ಅಥವಾ ಟ್ಯಾಂಕರ್ ನೀರು ಹಿಡಿದಿಡಿ.

ತೂತಿನಿಂದ ನೀರು ಬರದಿದ್ದಕ್ಕೆ ಮೊದಲು ಸುಲಭದ ಕಾರಣ ನೋಡಿ. ಮಣ್ಣಿನ ಗೂಡು ಕಟ್ಟುವ ಹುಳ ಆ ತೂತನ್ನು ಬಹಳ ಇಷ್ಟಪಡುತ್ತದೆ. ಗಟ್ಟಿ ತಂಗೂಸಿ (ಮೀನು ಹಿಡಿಯುವ ನೈಲಾನ್ ದಾರ) ತೂರಿಸಿ ಬಿಡಿಸಿ. ಈ ಸಲ ಇಡುವಾಗ ಸಣ್ಣ ಬಟ್ಟೆ ತುರುಕಿ, ಬಾಲ ಹೊರಗೆ ಕಾಣುವಂತೆ ಬಿಡಿ. ಅಲ್ಲಿ ತಡೆ ಇಲ್ಲದಿದ್ದರೆ, ಕೆಳಗೆ ನೀರು ಎಳೆಯುವ ಜಾಲರಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿದೆಯೇ ನೋಡಿ. ಎರಡೂ ಅಲ್ಲವಾದರೆ ಇಂಪೆಲ್ಲರ್.

ಅದನ್ನು ಬದಲಿಸುವುದು ಒಂದು ಗಂಟೆಯ ಕೆಲಸ. ಗೇರಿನ ಸರಳಿನ ಜೋಡಣೆ ಬಿಡಿಸಿ, ಕೆಳಭಾಗದ ಬೋಲ್ಟ್‌ಗಳನ್ನು ಬಿಚ್ಚಿ ನೇರ ಕೆಳಕ್ಕೆ ಎಳೆದರೆ ಶಾಫ್ಟಿನ ಮೇಲೆ ಪಂಪಿನ ಮುಚ್ಚಳ ಕಾಣುತ್ತದೆ. ಹಳೆ ಇಂಪೆಲ್ಲರಿನ ರೆಕ್ಕೆ ಎಣಿಸಿ. ಒಂದು ತುಂಡು ಕಡಿಮೆ ಇದ್ದರೂ ಅದು ಮೇಲಿನ ಕೊಳವೆಯಲ್ಲೋ ಥರ್ಮೋಸ್ಟ್ಯಾಟಿನಲ್ಲೋ ಕುಳಿತಿದೆ, ಹುಡುಕಿ ತೆಗೆಯದೆ ಮುಚ್ಚಬೇಡಿ. ಹೊಸದನ್ನು ಶಾಫ್ಟಿನ ಕೀಗೆ ಕೂರಿಸಿ, ಸೋಪುನೀರು ಸವರಿ, ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳ ಒತ್ತಿ. ಎದುರು ತಿರುಗಿಸಿದರೆ ರೆಕ್ಕೆಗಳು ಉಲ್ಟಾ ಮಡಚುತ್ತವೆ. ಮರಳಿ ಏರಿಸುವಾಗ ತಾಮ್ರದ ನೀರಿನ ಕೊಳವೆ ಅದರ ರಬ್ಬರ್ ಬಾಯಿಗೇ ಕೂತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಎಲ್ಲ ಹೊಸದಾದರೂ ನೀರು ಬರುವುದಿಲ್ಲ ಅನ್ನುವವರ ತಪ್ಪು ಇಲ್ಲಿರುತ್ತದೆ. ಅಳಿವೆಯ ಮರಳು ದಿಬ್ಬಗಳ ಮೇಲೆ ಓಡಿಸುವವರು ವರ್ಷಕ್ಕೊಮ್ಮೆ ಇದನ್ನು ಬದಲಿಸುವುದು ಒಳ್ಳೆಯದು.

ಗೇರ್ ಆಯಿಲ್: 90 ನಂಬರಿನ ಅರ್ಧ ಲೀಟರ್ ಡಬ್ಬಿ ಸಾಕು. ಕೆಳಗಿನ ಸ್ಕ್ರೂ, ಆಮೇಲೆ ಮೇಲಿನದು ಬಿಚ್ಚಿ ಇಳಿಸಿ. ಹಾಲು ಹಾಕಿದ ಚಹಾದಂತೆ ಬಂದರೆ ಸೀಲ್ ಹೋಗಿ ನೀರು ನುಗ್ಗಿದೆ. ಫ್ಯಾನ್ ಶಾಫ್ಟಿಗೆ ಮೀನಿನ ತಂಗೂಸಿ ಸುತ್ತಿಕೊಂಡು ಸೀಲ್ ಕತ್ತರಿಸಿರುವುದು ಸಾಮಾನ್ಯ. ಸೀಲ್ ಬದಲಿಸದೆ ಹಾಗೇ ಇಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೇರಿಂಗ್ ತುಕ್ಕು. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ಒತ್ತಿ, ಮೇಲಿನಿಂದ ಗುಳ್ಳೆಯಿಲ್ಲದೆ ಬರುವವರೆಗೆ ತುಂಬಿಸಿ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ವಾಷರ್ ಹೊಸದು ಹಾಕಿ.

ಸ್ಟಾರ್ಟ್ ಆಗದಿದ್ದಕ್ಕೆ ಕಾರಣ ಪೆಟ್ರೋಲ್ ಇರಬೇಕು. ಈಗ ಬಂಕಿನಲ್ಲಿ ಸಿಗುವುದು ಇ20, ಐದರಲ್ಲೊಂದು ಪಾಲು ಎಥನಾಲ್. ಮಳೆಗಾಲದ ಗಾಳಿಯಿಂದ ಅದು ನೀರು ಹೀರುತ್ತದೆ, ಹೆಚ್ಚಾದರೆ ನೀರೂ ಎಥನಾಲೂ ಬೇರ್ಪಟ್ಟು ತಳಕ್ಕೆ ಇಳಿದು ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಮೇ ಕೊನೆಗೆ ಬೇಕಾದಷ್ಟೇ ಕೊಳ್ಳಿ. ಡ್ರಮ್ಮಿನಲ್ಲಿ ಓಡಿಸುವ ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಪೈಪ್ ಕಳಚಿ ಎಂಜಿನ್ ತಾನೇ ನಿಲ್ಲಲಿ, ಆಮೇಲೆ ಬಟ್ಟಲಿನ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ 5 ಮಿ.ಲೀ. ಟೂ-ಟಿ ಆಯಿಲ್ ಬಿಟ್ಟು ಹಗ್ಗ ನಿಧಾನ ಮೂರು ನಾಲ್ಕು ಸಲ ಎಳೆದು ಪ್ಲಗ್ ಹಾಕಿ. ಉಳಿದ ಪೆಟ್ರೋಲ್-ಆಯಿಲ್ ಮಿಶ್ರಣವನ್ನು ಹುಲ್ಲು ಕತ್ತರಿಸುವ ಮೆಷಿನ್ನಿಗೆ ಹಾಕಬೇಡಿ. ಔಟ್‌ಬೋರ್ಡಿನ ಆಯಿಲ್ ನೀರಿನಿಂದ ತಂಪಾಗುವ ಎಂಜಿನಿಗೆ ಮಾಡಿದ್ದು, ಗಾಳಿಯಿಂದ ತಂಪಾಗುವ ಎಂಜಿನಿನ ಬಿಸಿ ತಡೆಯದು. ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಂಡಿದ್ದರೆ ಉಕ್ಕಿನ ತಂತಿ ಬೇಡ, ಹಿತ್ತಾಳೆಯ ತೂತು ದೊಡ್ಡದಾಗುತ್ತದೆ, ಇಲ್ಲೂ ತಂಗೂಸಿಯೇ.

ಎಂಜಿನ್ ಮಲಗಿಸಬೇಡಿ. ಫ್ಯಾನಿನ ಬದಿ ಮೇಲಾದರೆ ಕೊಳವೆಯಲ್ಲಿ ಉಳಿದ ನೀರು ಹೊಗೆದಾರಿಯಿಂದ ಸಿಲಿಂಡರಿಗೆ ಇಳಿಯುತ್ತದೆ. ಹಲಗೆಯ ಸ್ಟ್ಯಾಂಡಿಗೆ ನೇರ ನಿಲ್ಲಿಸಿ, ಹತ್ತಿ ಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಕಟ್ಟಿದರೆ ಒಳಗೇ ಬೆವರುತ್ತದೆ. ಕೊಟ್ಟಿಗೆಯಲ್ಲಿ ದನ ಇದ್ದರೆ ಅಲ್ಲಿ ಇಡಬೇಡಿ, ಗಂಜಲದ ಆವಿ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ. ಕ್ಲ್ಯಾಂಪಿನ ತಿರುಪುಗಳಿಗೆ ಗ್ರೀಸ್ ಸವರಿ. ಸತುವಿನ ಆನೋಡ್ (ಎಂಜಿನಿನ ಬದಲು ತಾನು ಕರಗುವ ತುಂಡು) ಅರ್ಧ ಕರಗಿದ್ದರೆ ಬದಲಿಸಿ, ಅದಕ್ಕೆ ಬಣ್ಣ ಮಾತ್ರ ಹಚ್ಚಬೇಡಿ. ಹದಿನೈದು ದಿನಕ್ಕೊಮ್ಮೆ ಕಿಲ್ ಸ್ವಿಚ್ಚಿನ (ಎಂಜಿನ್ ನಿಲ್ಲಿಸುವ ಸ್ವಿಚ್) ಹಗ್ಗ ತೆಗೆದಿಟ್ಟು, ಸ್ಟಾರ್ಟ್ ಮಾಡುವ ಹಗ್ಗ ಎಳೆದು ಎಂಜಿನ್ ಒಂದು ಸುತ್ತು ತಿರುಗಿಸಿ, ಇಂಪೆಲ್ಲರಿನ ರೆಕ್ಕೆ ಮಡಚಿದಲ್ಲೇ ಕೂರುವುದಿಲ್ಲ.

ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ, ಆ ವಾರ ಮೆಕ್ಯಾನಿಕ್‌ಗಳು ಕೈಗೆ ಸಿಗುವುದಿಲ್ಲ. ನೀವು ಜುಲೈ ನಡುವೆಯೇ ಹೊಸ ಪೆಟ್ರೋಲ್, ಲೀಟರಿಗೆ 20 ಮಿ.ಲೀ. ಆಯಿಲ್ ಬೆರೆಸಿ, ಡ್ರಮ್ಮಿನಲ್ಲಿ ಓಡಿಸಿ ನೋಡಿ. ಎಂಜಿನಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸಿಲಿಂಡರಿಗೆ ಬಿಟ್ಟ ಆಯಿಲ್ ಉರಿಯುವವರೆಗೆ ಬಿಳಿ ಹೊಗೆ ಬರುತ್ತದೆ, ಹೆದರಬೇಡಿ. ತೂತಿನ ಬಟ್ಟೆ ತೆಗೆದಿರಾ ನೋಡಿ. ಚಿಮ್ಮುವ ನೀರಿಗೆ ಬೆರಳು ಹಿಡಿಯಿರಿ: ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ತಕ್ಷಣ ನಿಲ್ಲಿಸಿ ಥರ್ಮೋಸ್ಟ್ಯಾಟ್ ಬಿಚ್ಚಿ.