ಮೊದಲು ಮನೆಯ ಹಾಲಿನ ಲೆಕ್ಕ ಬರೆಯಿರಿ

ವೆಬ್ ಪ್ರೋಗ್ರಾಮಿಂಗ್ ಕಲಿಯುವವರಿಂದ ಬರುವ ಪ್ರಶ್ನೆಗಳು ತಿಂಗಳು ಬದಲಾದರೂ ಬದಲಾಗುವುದಿಲ್ಲ. ಅದರಲ್ಲಿ ಒಂದಕ್ಕೆ ಇಲ್ಲಿಯವರೆಗೆ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಅಷ್ಟು ಸಾಲಲಿಲ್ಲ ಅಂತ ಕಾಣುತ್ತದೆ, ಮತ್ತೆ ಬಂದಿದೆ. ಈ ಸಲ ಜಾಸ್ತಿ ಜಾಗ ಅದಕ್ಕೇ. ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಬಿ.ಕಾಂ. ಮುಗಿಸಿ ಒಂದು ವರ್ಷದಿಂದ ಫ್ರಂಟ್ ಎಂಡ್ (ವೆಬ್ ಪುಟದ ಕಣ್ಣಿಗೆ ಕಾಣುವ ಭಾಗ) ಕಲಿಯುತ್ತಿದ್ದೇನೆ. ಯೂಟ್ಯೂಬ್ ನೋಡಿಕೊಂಡು ಟು-ಡು ಲಿಸ್ಟ್, ಕ್ಯಾಲ್ಕುಲೇಟರ್, ಹವಾಮಾನದ ಆ್ಯಪ್, ಸಿನಿಮಾ ಸೈಟಿನ ಕ್ಲೋನ್ ಎಲ್ಲ ಸೇರಿ 35 ಪ್ರಾಜೆಕ್ಟ್ ಮಾಡಿದ್ದೇನೆ. ಆದರೆ ಖಾಲಿ ಫೈಲ್ ತೆರೆದರೆ ಏನು ಬರೆಯಬೇಕು ಅಂತ ತೋಚುವುದೇ ಇಲ್ಲ. ಇನ್ನೂ ಎಷ್ಟು ಪ್ರಾಜೆಕ್ಟ್ ಮಾಡಬೇಕು? (ವಿಜಯನಗರದ ಓದುಗರು)

ಉತ್ತರ: ಇನ್ನು ಒಂದು ಸಾಕು. ಆದರೆ ವಿಡಿಯೊ ನೋಡದೆ ಮಾಡಬೇಕು.

ಬೇರೆಯವರ ಪ್ರಾಜೆಕ್ಟನ್ನು ನೀವು 35 ಸಲ ಟೈಪ್ ಮಾಡಿದ್ದೀರಿ. ನಿಮ್ಮ ಶ್ರಮ ಕಡಿಮೆ ಅಂತ ನಾನು ಹೇಳುತ್ತಿಲ್ಲ. ವಿಡಿಯೊದಲ್ಲಿ ಕಷ್ಟದ ಕೆಲಸವೆಲ್ಲ ಮೊದಲೇ ಮುಗಿದಿರುತ್ತದೆ. ಯಾವ ಮಾಹಿತಿ ಬೇಕು, ಅದನ್ನು ಎಲ್ಲಿ ಇಡಬೇಕು, ಬಳಸುವವರು ತಪ್ಪು ಒತ್ತಿದರೆ ಏನಾಗಬೇಕು, ಇದನ್ನೆಲ್ಲ ವಿಡಿಯೊ ಮಾಡಿದವರು ರೆಕಾರ್ಡಿಂಗ್ ಶುರುವಾಗುವ ಮೊದಲೇ ಯೋಚಿಸಿ ಇಟ್ಟಿರುತ್ತಾರೆ. ನಿಮ್ಮ ಪಾಲಿಗೆ ಬರುವುದು ಟೈಪಿಂಗ್ ಮಾತ್ರ. ಖಾಲಿ ಫೈಲಿನ ಮುಂದೆ ಕೈ ಓಡದೇ ಇರುವುದಕ್ಕೆ ಅದೇ ಕಾರಣ. ಯೋಚನೆ ಮಾಡುವ ಭಾಗವನ್ನು ನೀವು ಒಂದು ಸಲವೂ ಮಾಡಿಲ್ಲ.

ಸಂದರ್ಶನಕ್ಕೆ ಟು-ಡು ಲಿಸ್ಟ್ ತರುವವರಿಗೆ ನಾನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತೇನೆ. ಇದನ್ನು ನೀವೇ ಒಂದು ವಾರ ಬಳಸಿದ್ದೀರಾ? ಹೌದು ಅಂದವರು ಬಹಳ ಕಡಿಮೆ. ಯಾರೂ ಬಳಸದ ಪ್ರಾಜೆಕ್ಟಿನಲ್ಲಿ ತಪ್ಪು ಹೊರಗೆ ಬರುವುದೇ ಇಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲೇ ಯಾರಿಗಾದರೂ ಬೇಕಾದ ಒಂದು ಚಿಕ್ಕ ಕೆಲಸ ಹುಡುಕಿ. ನಾನು ಎಲ್ಲರಿಗೂ ಹೇಳುವುದು ಹಾಲಿನ ಲೆಕ್ಕ. ಗೋಡೆಯ ಕ್ಯಾಲೆಂಡರ್ ಮೇಲೆ ಅಮ್ಮ ದಿನಾ ಪೆನ್ನಿನಲ್ಲಿ ಬರೆದಿಡುತ್ತಾರಲ್ಲ, ಅದೇ. ಇವತ್ತು ಎರಡು ಪ್ಯಾಕೆಟ್, ನಾಳೆ ಒಂದು, ತಿಂಗಳ ಕೊನೆಗೆ ಎಷ್ಟು ಕೊಡಬೇಕು? ಒಂದು ಬಾಕ್ಸ್, ಒಂದು ಬಟನ್, ಒಂದು ಟೇಬಲ್. ರಿಯಾಕ್ಟ್ ಥರದ ಸಿದ್ಧ ಲೈಬ್ರರಿ ಬೇಡ, ಸರ್ವರ್ ಬೇಡ, ಲಾಗಿನ್ ಬೇಡ. ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್ ಸಾಕು, ಅಂದರೆ ಕ್ರಮವಾಗಿ ಪುಟದ ಚೌಕಟ್ಟು, ಅಂದ, ಲೆಕ್ಕ ಮಾಡುವ ಕೋಡ್. ಫೈಲ್ ಹೇಗೆ ಜೋಡಿಸಬೇಕು ಅಂತ ನಾನು ಹೇಳುವುದಿಲ್ಲ, 35 ಸಲ ಮಾಡಿದ್ದೀರಿ.

ಮೊದಲ ಸಂಜೆಯೇ ಎರಡು ಪೆಟ್ಟು ಬೀಳುತ್ತದೆ. ಬಟನ್ ಒತ್ತಿದ ಕೂಡಲೇ ಪುಟ ರಿಲೋಡ್ ಆಗಿ ಬರೆದದ್ದೆಲ್ಲ ಹೋಗುತ್ತದೆ. ಫಾರ್ಮ್ ಒಳಗಿರುವ ಬಟನ್ ಬೇರೆ ಏನೂ ಹೇಳದಿದ್ದರೆ ಸಬ್‌ಮಿಟ್ ಬಟನ್ ಆಗಿರುತ್ತದೆ, ಅದಕ್ಕೆ ಹಾಗೆ. ಆಮೇಲೆ ಎರಡು ಪ್ಯಾಕೆಟ್‌ಗೆ ಒಂದು ಪ್ಯಾಕೆಟ್ ಕೂಡಿಸಿದರೆ ಮೂರು ಬರುವ ಬದಲು 21 ಬರುತ್ತದೆ. ಬಾಕ್ಸಿನಿಂದ ಬರುವುದು ಯಾವಾಗಲೂ ಅಕ್ಷರ, ಸಂಖ್ಯೆ ಅಲ್ಲ. ಅದನ್ನು ನೀವೇ ಸಂಖ್ಯೆ ಮಾಡಿಕೊಳ್ಳಬೇಕು. ಮಾಡಿಕೊಂಡಿರಿ ಅನ್ನಿ. ಈಗ ಅಮ್ಮ ಖಾಲಿ ಬಾಕ್ಸ್ ಬಿಟ್ಟು ಬಟನ್ ಒತ್ತುತ್ತಾರೆ. ಜಾವಾಸ್ಕ್ರಿಪ್ಟಿನ ನಂಬರ್ ಫಂಕ್ಷನ್‌ಗೆ ಖಾಲಿ ಪಠ್ಯ ಕೊಟ್ಟರೆ ಅದು ಸೊನ್ನೆ ಅನ್ನುತ್ತದೆ. ಸೊನ್ನೆ ಅಂದರೆ ಹಾಲು ಬಂದಿಲ್ಲ ಅಂತಾನಾ, ಬರೆಯುವುದು ಮರೆತುಹೋಯಿತು ಅಂತಾನಾ? ಇವೆರಡೂ ಬೇರೆ ಬೇರೆ. ತೀರ್ಮಾನ ನಿಮ್ಮದು. ಇನ್ನು ಅಮ್ಮನ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದ್ದು, ಪಠ್ಯದ ಬಾಕ್ಸಿನಲ್ಲಿ '೨' ಅಂತ ಬರೆದರೆ ಅದೇ ಫಂಕ್ಷನ್ 'ಇದು ಸಂಖ್ಯೆಯಲ್ಲ' ಅಂತ ಹೇಳಿ ಕೂತುಬಿಡುತ್ತದೆ. ಕನ್ನಡದ ಅಂಕಿ ಅದಕ್ಕೆ ಗೊತ್ತಿಲ್ಲ. ನಾನು ನೋಡಿದ ಯಾವ ವಿಡಿಯೊದಲ್ಲೂ ಈ ಮಾತು ಇಲ್ಲ.

ಈಗ ನನಗೆ ತುಂಬ ಇಷ್ಟದ ತಪ್ಪಿಗೆ ಬರುತ್ತೇನೆ. ತಾರೀಕು ಬರೆದುಕೊಳ್ಳಲು ಎಲ್ಲರೂ ಎಲ್ಲಿಂದಲೋ ನಕಲು ಮಾಡುವ ಒಂದು ಸಾಲಿದೆ. ಇವತ್ತಿನ ದಿನವನ್ನು 'ಟು ಐಎಸ್ಒ ಸ್ಟ್ರಿಂಗ್' ಅನ್ನುವ ಫಂಕ್ಷನ್ನಿನಿಂದ ಪಠ್ಯ ಮಾಡಿ ಮೊದಲ ಹತ್ತು ಅಕ್ಷರ ಕತ್ತರಿಸಿಕೊಳ್ಳುವುದು. ಮಧ್ಯಾಹ್ನ ಕೂತು ಪರೀಕ್ಷೆ ಮಾಡಿದರೆ ಸರಿಯಾಗೇ ಇರುತ್ತದೆ. ಸಂಜೆಯೂ ಸರಿ. ಆದರೆ ಬೆಂಗಳೂರಿನಲ್ಲಿ ಹಾಲು ಬರುವುದು ಬೆಳಗಿನ ಐದು ಗಂಟೆಗೆ. ಅಮ್ಮ ಪ್ಯಾಕೆಟ್ ಒಳಗೆ ತಂದ ಕೂಡಲೇ ಬರೆದರೆ ಪುಟ ನಿನ್ನೆಯ ತಾರೀಕು ಹಾಕುತ್ತದೆ! ಆ ಸಾಲು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಇಲ್ಲಿ ಬೆಳಗಿನ 5 ಆದಾಗ ಅಲ್ಲಿ ಇನ್ನೂ ಹಿಂದಿನ ರಾತ್ರಿ 11.30. ಐದೂವರೆ ದಾಟಿದ ಮೇಲೆ ತಪ್ಪು ತಾನಾಗೇ ಮಾಯವಾಗುತ್ತದೆ, ಆದ್ದರಿಂದ ಎಂಟು ಗಂಟೆಗೆ ಏಳುವವರ ಕಣ್ಣಿಗೆ ಬೀಳುವುದಿಲ್ಲ. ವರ್ಷ, ತಿಂಗಳು, ದಿನವನ್ನು ಬೇರೆ ಬೇರೆ ಕೇಳಿ ಜೋಡಿಸಿದರೆ ಫೋನಿನ ಸ್ಥಳೀಯ ಸಮಯವೇ ಬರುತ್ತದೆ. ಹಾಗೆ ಜೋಡಿಸುವಾಗ ತಿಂಗಳಿಗೆ ಒಂದು ಕೂಡಿಸಿ. ಜಾವಾಸ್ಕ್ರಿಪ್ಟಿನಲ್ಲಿ ಜನವರಿ ಅಂದರೆ ಸೊನ್ನೆ.

ಆಮೇಲೆ ಬೆಲೆ. ನೀವು ಮೇಲುಗಡೆ ಒಂದೇ ಕಡೆ ದರ ಬರೆದು, ಕೊನೆಗೆ ಪ್ಯಾಕೆಟ್‌ಗಳ ಮೊತ್ತಕ್ಕೆ ಗುಣಿಸುತ್ತೀರಿ. ಎಲ್ಲರೂ ಹಾಗೇ ಮಾಡುತ್ತಾರೆ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಅವತ್ತು ನೀವು ದರ ತಿದ್ದಿದ್ದರೆ ಮಾರ್ಚ್ ತಿಂಗಳ ಹಳೆಯ ಬಿಲ್ಲೂ ಏರಿಬಿಡುತ್ತಿತ್ತು. ಅದಕ್ಕೂ ಹಿಂದೆ, 2024ರ ಜೂನ್‌ನಲ್ಲಿ, ಪ್ಯಾಕೆಟ್‌ಗೆ 2 ರೂಪಾಯಿ ಜಾಸ್ತಿ ಮಾಡಿ 50 ಎಂಎಲ್ ಹಾಲು ಹೆಚ್ಚಿಗೆ ಹಾಕಿದ್ದರು. ಅರ್ಧ ಲೀಟರ್ ಪ್ಯಾಕೆಟ್ 550 ಎಂಎಲ್ ಆಯಿತು. ಮರುವರ್ಷದ ಏರಿಕೆಯ ಜೊತೆಗೆ ಆ 50 ಎಂಎಲ್ ವಾಪಸ್ ಹೋಯಿತು. ಅಂದರೆ ಬೆಲೆಯೂ ಬದಲಾಗುತ್ತದೆ, ಪ್ಯಾಕೆಟಿನ ಅಳತೆಯೂ ಬದಲಾಗುತ್ತದೆ. ಹಾಗಿದ್ದರೆ ನೀವು ಬರೆದಿಡಬೇಕಾದದ್ದು ಲೀಟರಾ, ಪ್ಯಾಕೆಟ್ಟಾ? ದರವನ್ನು ಆಯಾ ದಿನದ ಸಾಲಿನ ಜೊತೆಗೇ ಇಡಬೇಕಾ? ಇದನ್ನು ಕಾಗದದ ಮೇಲೆ ಅರ್ಧ ಗಂಟೆ ಗೀಚಿ. ಕಂಪನಿಗಳಲ್ಲಿ ಡೇಟಾ ಮಾಡೆಲಿಂಗ್ ಅಂತ ದೊಡ್ಡ ಹೆಸರಿಟ್ಟು ಕೂತು ಚರ್ಚೆ ಮಾಡುವುದು ಇದನ್ನೇ.

ಬರೆದದ್ದು ಉಳಿಯಲು ಬ್ರೌಸರ್ ಒಳಗೇ ಇರುವ ಲೋಕಲ್ ಸ್ಟೋರೇಜ್ ಅನ್ನುವ ಜಾಗ ಬಳಸುತ್ತೀರಿ. ಅದು ಅಕ್ಷರಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಪಟ್ಟಿಯನ್ನು ಜೇಸನ್ (ಪಟ್ಟಿಯನ್ನು ಪಠ್ಯವಾಗಿ ಬರೆಯುವ ರೀತಿ) ಮಾಡಿ ಕೊಡಬೇಕು. ಐಫೋನ್ ಇದ್ದರೆ ಇನ್ನೊಂದು ಎಚ್ಚರ. ಸಫಾರಿ ಬ್ರೌಸರ್ 2020ರಿಂದ ಈಚೆಗೆ, ಏಳು ದಿನ ಬ್ರೌಸರ್ ಬಳಸಿಯೂ ನಿಮ್ಮ ಪುಟವನ್ನು ಮುಟ್ಟದಿದ್ದರೆ, ಅಲ್ಲಿ ಇಟ್ಟದ್ದನ್ನು ಅಳಿಸಿಬಿಡುತ್ತದೆ. ಅಮ್ಮ ಹತ್ತು ದಿನ ಊರಿಗೆ ಹೋಗಿ ಬಂದರೆ ಲೆಕ್ಕ ಖಾಲಿ ಆಗಿರಬಹುದು. ಅದಕ್ಕೆ ಡೌನ್‌ಲೋಡ್ ಬಟನ್ ಒಂದು ಇಡಿ.

ಕೊನೆಗೆ ಚಂದ ಕಾಣಿಸುವ ವಿಷಯ. ಇಂಗ್ಲಿಷ್ ಪುಟಗಳಿಗೆ ಬರೆದ ಸಿಎಸ್ಎಸ್ ತಂದು ಹಾಕಿದರೆ 'ಮೊತ್ತ' ಅನ್ನುವ ಪದದ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಅವಕ್ಕೆ ಜಾಗ ಬೇಕು. ಲೈನ್ ಹೈಟ್ (ಸಾಲಿನ ಎತ್ತರ) 1.6ರ ಆಸುಪಾಸು ಇಟ್ಟು ನೋಡಿ. ಬಟನ್‌ಗೆ ಇಷ್ಟೇ ಎತ್ತರ ಅಂತ ಕಟ್ಟಿಹಾಕಬೇಡಿ. ನಮ್ಮ ಭಾಷೆಯ ಎಷ್ಟೋ ಸೈಟುಗಳಲ್ಲಿ ಒತ್ತು ಕತ್ತರಿಸಿದ್ದನ್ನು ನೋಡಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಮಾಡಿದವರು ಒಂದು ಸಲ ಕನ್ನಡದಲ್ಲಿ ಓದಿ ನೋಡಿದ್ದರೆ ಸಾಕಿತ್ತು.

ಒಂದು ತಿಂಗಳು ಅಮ್ಮ ಬಳಸಲಿ. ಕ್ಯಾಲೆಂಡರ್ ಮೇಲೂ ಬರೆಯುತ್ತಿರಲಿ. ಮೂವತ್ತನೇ ತಾರೀಕು ಎರಡೂ ಲೆಕ್ಕ ಹೋಲಿಸಿ. ತಾಳೆ ಆಗದಿದ್ದರೆ ಯಾವ ದಿನದಿಂದ ತಪ್ಪಿತು ಅಂತ ಹುಡುಕಿ. ಆ ಹುಡುಕಾಟಕ್ಕೇ ಕಂಪನಿಗಳು ಸಂಬಳ ಕೊಡುವುದು. ಸಂದರ್ಶನದಲ್ಲಿ ಐದು ಗಂಟೆಯ ತಾರೀಕಿನ ಕಥೆ ನೀವೇ ಹೇಳಿ. ನನ್ನ ಮುಂದೆ ಯಾರಾದರೂ ಅದನ್ನು ಹೇಳಿದರೆ ಉಳಿದ 35 ಪ್ರಾಜೆಕ್ಟ್ ನಾನು ನೋಡುವುದೂ ಇಲ್ಲ.

ಪ್ರಶ್ನೆ: ರಿಯಾಕ್ಟ್ ಮೊದಲು ಕಲಿಯಬೇಕಾ, ಆ್ಯಂಗ್ಯುಲರ್ ಮೊದಲು ಕಲಿಯಬೇಕಾ?

ಉತ್ತರ: ಜಾವಾಸ್ಕ್ರಿಪ್ಟ್ ಮೊದಲು. ಎರಡೂ ನಿಂತಿರುವುದು ಅದರ ಮೇಲೆ.

ಪ್ರಶ್ನೆ: ಜಾವಾ ಬಾರದೆ ಜಾವಾಸ್ಕ್ರಿಪ್ಟ್ ಕಲಿಯಬಹುದಾ? ಎರಡೂ ಸೇರಿಸಿ ಕಲಿಸುತ್ತೇವೆ, ಫೀಸು ಡಬಲ್ ಅಂತ ಒಬ್ಬರು ಹೇಳಿದರು.

ಉತ್ತರ: ಅವರ ಹತ್ತಿರ ಹೋಗಬೇಡಿ. ಎರಡಕ್ಕೂ ಹೆಸರಿನಲ್ಲಿ ಮಾತ್ರ ನೆಂಟಸ್ತನ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಹತ್ತು ದಿನದಲ್ಲಿ ಬರೆದರು. ಆಗ ಜಾವಾಗೆ ಒಳ್ಳೆ ಹೆಸರಿತ್ತು, ಆ ಹೆಸರನ್ನು ಇದಕ್ಕೂ ಅಂಟಿಸಿದರು.

ಪ್ರಶ್ನೆ: ಒಂದು ಬ್ಯಾಂಕಿನ ಲಾಗಿನ್ ಪುಟವನ್ನು ಹಾಗ್‌ಹಾಗೇ ಕ್ಲೋನ್ ಮಾಡಿದ್ದೇನೆ. ಆನ್‌ಲೈನ್ ಹಾಕಿ ರೆಸ್ಯೂಮೆಯಲ್ಲಿ ಲಿಂಕ್ ಕೊಡಲಾ?

ಉತ್ತರ: ಇವತ್ತೇ ತೆಗೆಯಿರಿ. ನನಗೆ ಗೊತ್ತಿರುವ ಹುಡುಗನೊಬ್ಬ ಹೀಗೆ ಹಾಕಿದ್ದ. ಬ್ರೌಸರ್ ಅದನ್ನು ಮೋಸದ ಪುಟ ಅಂತ ಕೆಂಪು ಪರದೆ ತೋರಿಸಿತು, ಅವನ ಹೋಸ್ಟಿಂಗ್ ಖಾತೆಯೂ ಹೋಯಿತು. ಹವಾಮಾನದ ಆ್ಯಪ್ ಮಾಡಿದವರೂ ಕೇಳಿಸಿಕೊಳ್ಳಿ. ಫ್ರಂಟ್ ಎಂಡ್ ಕೋಡಿನಲ್ಲಿ ಇಟ್ಟ ಎಪಿಐ ಕೀಯನ್ನು (ಬೇರೆಯವರ ಸೇವೆಯಿಂದ ಮಾಹಿತಿ ತರಲು ಸಿಗುವ ಗುಪ್ತ ಕೀಲಿ) ಪುಟ ತೆರೆದ ಯಾರು ಬೇಕಾದರೂ ಓದಬಹುದು. ಕಾರ್ಡ್ ನಂಬರ್ ಜೋಡಿಸಿದ ಖಾತೆಯ ಕೀಯನ್ನಂತೂ ಅಲ್ಲಿ ಇಡಲೇಬೇಡಿ.

ಪ್ರಶ್ನೆ: ಮಾರತಹಳ್ಳಿಯಲ್ಲಿ ಮೂರು ತಿಂಗಳ ಕೋರ್ಸ್, 65 ಸಾವಿರ ಫೀಸು, ಕೆಲಸ ಗ್ಯಾರಂಟಿ ಅಂತಾರೆ. ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟನ್ನೂ ಅವರೇ ಮಾಡಿಸಿಕೊಡುತ್ತಾರಂತೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದ್ದಾರೆ. ಸೇರಲಾ?

ಉತ್ತರ: ಬೇಡ. ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದರೆ ನಾಳೆಯೇ ಹೋಗಿ ವಾಪಸ್ ತನ್ನಿ. ಒರಿಜಿನಲ್ ಇಟ್ಟುಕೊಳ್ಳುವುದು ಫೀಸಿಗೆ ನಿಮ್ಮನ್ನು ಕಟ್ಟಿಹಾಕಲು, ಬೇರೆ ಯಾವುದಕ್ಕೂ ಅಲ್ಲ.

ಕಲಿಯಲು ಕೋಚಿಂಗ್ ಸೇರುವುದಕ್ಕೆ ನನ್ನ ತಕರಾರಿಲ್ಲ, ಚೆನ್ನಾಗಿ ಪಾಠ ಮಾಡುವವರು ಇದ್ದಾರೆ. ಆದರೆ ಸುಳ್ಳು ಅನುಭವ ಮಾರುವವರು ಕಳ್ಳರು. ಅವರ ಹತ್ತಿರ ಕೊಂಡರೆ ನೀವೂ ಆ ಮೋಸದಲ್ಲಿ ಪಾಲುದಾರರು. ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಹಳೆಯ ಕೆಲಸವನ್ನು ಪರಿಶೀಲಿಸುತ್ತವೆ. ಪಿಎಫ್ ಖಾತೆಯ ಯುಎಎನ್ ನಂಬರಿನಲ್ಲಿ ನೀವು ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ ಇದ್ದಿರಿ ಅಂತ ಕಾಣುತ್ತದೆ. ಸಂಬಳದಲ್ಲಿ ತೆರಿಗೆ ಕಡಿದದ್ದಕ್ಕೆ ಕೊಡುವ ಫಾರ್ಮ್ 16 ಕೇಳುತ್ತಾರೆ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ನಿಮ್ಮದೇ ದುಡ್ಡನ್ನು ಸಂಬಳ ಅಂತ ನಿಮ್ಮ ಖಾತೆಗೆ ಹಾಕಿ ನಾಟಕ ಮಾಡುವವರೂ ಈ ಊರಿನಲ್ಲಿದ್ದಾರೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು, ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಗೇಟಿನ ಹೊರಗೆ ಅಳುತ್ತ ನಿಂತ ಒಬ್ಬನನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಹುಡುಗ. ಕೆಲಸವೂ ಬರುತ್ತಿತ್ತು. ಫ್ರೆಶರ್ ಅಂತಲೇ ಬಂದಿದ್ದರೆ ಸ್ವಲ್ಪ ಕಡಿಮೆ ಸಂಬಳಕ್ಕೆ ಇವತ್ತಿಗೂ ನಮ್ಮ ಜೊತೆ ಇರುತ್ತಿದ್ದ.

ಪ್ರಶ್ನೆ: ಪೀಣ್ಯದಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಬಾರದೆ ಕೋಡಿಂಗ್ ಕಲಿಯಲು ಆಗುತ್ತಾ? ತಮ್ಮ ನಗುತ್ತಾನೆ.

ಉತ್ತರ: ಆಗುತ್ತದೆ ತಂಗಿ. ಶುರುವಿಗೆ ಬೇಕಾಗುವ ಇಂಗ್ಲಿಷ್ ಪದಗಳನ್ನು ಒಂದು ನೋಟ್‌ಬುಕ್ಕಿನ ಎರಡು ಪುಟದಲ್ಲಿ ಬರೆದುಕೊಳ್ಳಬಹುದು. ವೇರಿಯಬಲ್‌ಗಳ (ಕೋಡಿನಲ್ಲಿ ಮಾಹಿತಿ ಇಟ್ಟುಕೊಳ್ಳುವ ಡಬ್ಬಿಗಳ) ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಹಾಲು, ದರ, ಮೊತ್ತ ಅಂತ ಹೆಸರಿಟ್ಟು ಲೆಕ್ಕ ಮಾಡಿಸಿ ನೋಡಿ. ಕೆಲಸಕ್ಕೆ ಸೇರಿದ ಮೇಲೆ ತಂಡಕ್ಕಾಗಿ ಇಂಗ್ಲಿಷ್ ಹೆಸರು ಇಡಬೇಕಾಗುತ್ತದೆ, ಅದು ಆಮೇಲಿನ ಮಾತು.

ಇಂಗ್ಲಿಷ್ ನಿಜವಾಗಿ ಬೇಕಾಗುವುದು ಎರರ್ ಓದಲು. ಕೆಂಪು ಸಾಲು ಕಂಡ ಕೂಡಲೇ ಹೆದರಿ ಮುಚ್ಚಬೇಡಿ. ಶುರುವಿನಲ್ಲಿ ಎದುರಾಗುವವು ಕೆಲವೇ, ಸುತ್ತಿ ಸುತ್ತಿ ಅವೇ ಬರುತ್ತವೆ. 'ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್' ಅಂತ ಬಂದರೆ ನೀವು ಹುಡುಕಿದ ಬಾಕ್ಸ್ ಪುಟದಲ್ಲಿ ಸಿಗಲಿಲ್ಲ ಅಂತ ಅರ್ಥ. ಬಾಕ್ಸಿಗೆ ಇಟ್ಟ ಗುರುತಿನ ಹೆಸರಿನ (ಐಡಿ) ಸ್ಪೆಲ್ಲಿಂಗ್ ತಪ್ಪಿರುತ್ತದೆ, ಇಲ್ಲವೇ ಪುಟ ಪೂರ್ತಿ ಬರುವ ಮೊದಲೇ ನಿಮ್ಮ ಸ್ಕ್ರಿಪ್ಟ್ ಓಡಿರುತ್ತದೆ. ಹೀಗೆ ಒಂದೊಂದರ ಅರ್ಥ ಕನ್ನಡದಲ್ಲಿ ಬರೆದಿಡುತ್ತ ಹೋಗಿ. ನಿಮ್ಮ ತಮ್ಮನಿಗೆ ಆ ನೋಟ್‌ಬುಕ್ ತೋರಿಸಿ. ಮೊದಲ ಪ್ರಾಜೆಕ್ಟಿಗೆ ಹಾಲು ಬೇಡ ಅನ್ನಿಸಿದರೆ ನಿಮ್ಮ ಓಟಿ ಗಂಟೆಗಳ ಲೆಕ್ಕ ಮಾಡಿ. ಅದು ನಿಮಗೆ ಇನ್ನೂ ಚೆನ್ನಾಗಿ ಗೊತ್ತು.

ಪ್ರಶ್ನೆ: ಕೋಡ್ ಎಲ್ಲ ಎಐ ಬರೆಯುತ್ತದಲ್ಲ, ಇನ್ನು ಯಾಕೆ ಕಲಿಯಬೇಕು?

ಉತ್ತರ: ಐದು ಗಂಟೆಯ ತಾರೀಕಿನ ತಪ್ಪನ್ನು ಎಐ ಬರೆದ ಕೋಡಿನಲ್ಲೂ ನೋಡಿದ್ದೇನೆ. ಅದನ್ನು ಹಿಡಿಯಲು ಯಾರಾದರೂ ಬೇಕಲ್ವಾ? ಮೊದಲ ಪ್ರಾಜೆಕ್ಟಿನಲ್ಲಿ ಎರರ್‌ನ ಅರ್ಥ ಕೇಳುವುದಕ್ಕೆ ಮಾತ್ರ ಅದನ್ನು ಬಳಸಿ, ಕೋಡ್ ಬರೆಸಬೇಡಿ.

ಪ್ರಶ್ನೆ: ಕಲಿಯಲು ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ? ಒಂದು ಲಕ್ಷದ್ದು ನೋಡಿದ್ದೇನೆ.

ಉತ್ತರ: ಮನೆಯಲ್ಲಿ ಈಗ ಇರುವುದರಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆಯುತ್ತಾ? ಹಾಗಾದರೆ ಅದೇ ಸಾಕು.